ಎಡಬಲದ ಕೂದಲೆಳೆ ಅಂತರ: ಪ್ರಾಣಿಯ ಮೈಯಲ್ಲಿ ಪರಿಸರದ ಗುರುತು

ದಾವಣಗೆರೆ ಸುತ್ತಲಿನ ಭದ್ರಾ ಅಚ್ಚುಕಟ್ಟಿನ ಭತ್ತದ ಗದ್ದೆಗಳಿಗೆ ಕೀಟನಾಶಕ ಬೀಳುತ್ತದೆ. ಅದೇ ನೀರಿನಲ್ಲಿ ಗೊದಮೊಟ್ಟೆ ಕಪ್ಪೆಯಾಗುತ್ತದೆ. ಕಪ್ಪೆ ಸಾಯಲಿಲ್ಲ ಅಂದಮಾತ್ರಕ್ಕೆ ಅದಕ್ಕೇನೂ ಆಗಿಲ್ಲ ಎನ್ನಬಹುದೇ? ಬೆಳೆಯುವಾಗ ಅದು ಪಟ್ಟ ಪಾಡು ಎರಡು ಕಾಲುಗಳ ಉದ್ದದ ಅಂತರದಲ್ಲಿ ಕಂಡೀತು ಎಂಬ ವಿಚಾರ ಹುಟ್ಟಿ ಹತ್ತಿರತ್ತಿರ ನೂರು ವರ್ಷವಾಗುತ್ತಿದೆ.

ತರ್ಕ ಸರಳ. ಮೈಯ ಎಡಕ್ಕೂ ಬಲಕ್ಕೂ ವಂಶವಾಹಿ ಒಂದೇ, ಬೆಳೆದ ನೀರೂ ಒಂದೇ. ಎರಡೂ ಕಡೆ ಒಂದೇ ಅಳತೆ ಬರಬೇಕು. ಬೆಳವಣಿಗೆಯ ಸಣ್ಣಪುಟ್ಟ ಏರುಪೇರನ್ನು ದೇಹ ತಾನೇ ಸರಿದೂಗಿಸಿಕೊಳ್ಳುತ್ತದೆ. ವಿಷ, ತಾಪ, ಅರೆಹೊಟ್ಟೆ ಇವೆಲ್ಲ ಮಿತಿಮೀರಿದರೆ ಆ ಕಸುವು ಕುಂದಬಹುದು. ಆಗ ಎಡಬಲದ ಅಂತರ ಹಿಗ್ಗುತ್ತದೆ.

1932ರಲ್ಲಿ ಜರ್ಮನಿಯ ವಿಲ್ಹೆಲ್ಮ್ ಲುಡ್ವಿಗ್ ಎಡಬಲದ ಪ್ರಶ್ನೆಯ ಮೇಲೊಂದು ಗ್ರಂಥವನ್ನೇ ಬರೆದರು. 1962ರಲ್ಲಿ ಅಮೆರಿಕದ ಲೀ ವ್ಯಾನ್ ವೇಲೆನ್ ಅಸಮತೆಯನ್ನು ಮೂರು ಬಗೆಯಾಗಿ ವಿಂಗಡಿಸಿದರು. ನಮ್ಮ ಹೃದಯದಂತೆ ಸದಾ ಒಂದೇ ಕಡೆ ವಾಲುವುದು ಒಂದು. ಕೆಲವು ಕಡಲ ಏಡಿಗಳಲ್ಲಿ ಒಂದು ಚಿಮಟ ಯಾವಾಗಲೂ ದೊಡ್ಡದು, ಅದು ಎಡದ್ದೂ ಆಗಬಹುದು ಬಲದ್ದೂ ಆಗಬಹುದು, ಇದು ಇನ್ನೊಂದು. ಇವೆರಡೂ ಪ್ರಾಣಿಯ ಸಹಜ ಸ್ವಭಾವ, ಒತ್ತಡದ ಗುರುತಲ್ಲ. ಲೆಕ್ಕಕ್ಕೆ ಬರುವುದು ಮೂರನೆಯದು: ಗೊತ್ತುಗುರಿಯಿಲ್ಲದೆ ಒಮ್ಮೆ ಇತ್ತ, ಒಮ್ಮೆ ಅತ್ತ ಬೀಳುವ ಕಿರು ವ್ಯತ್ಯಾಸ.

1973ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದ ಮೀನುಗಳನ್ನು ಅಳೆದವರು ಈ ಕಿರು ವ್ಯತ್ಯಾಸ ಮಾಲಿನ್ಯದ ಸೂಚಕವಾಗಬಹುದು ಎಂದರು. ಮುಂದೆ ಕೆನ್ಯಾದ ಟೈಟಾ ಬೆಟ್ಟಗಳಲ್ಲಿ, ಹೆಚ್ಚು ಹಾಳಾದ ಕಾಡಿನ ತುಣುಕುಗಳಲ್ಲಿದ್ದ ಹಕ್ಕಿಗಳ ಕಾಲುಗಳಲ್ಲಿ ಹೆಚ್ಚು ಅಸಮತೆ ಕಂಡಿತು. ಸಂತತಿ ಕುಸಿಯುವ ಮೊದಲೇ ಎಚ್ಚರಿಕೆ ಸಿಗುತ್ತದೆ ಎಂಬ ಆಸೆ ಬಲವಾಯಿತು.

ಆ ಭರದಲ್ಲಿ ಅಳತೆಯ ಕಷ್ಟವನ್ನು ಹಲವರು ಹಗುರವಾಗಿ ಕಂಡರು. ಕಪ್ಪೆಯ ಮೊಣಕಾಲಿನ ಕೆಳಗಿನ ಭಾಗ 25 ಮಿ.ಮೀ. ಇದೆ ಅನ್ನಿ. ಎಡಬಲದ ಅಂತರ ಸಾಮಾನ್ಯವಾಗಿ ಶೇ 1ರ ಆಸುಪಾಸು, ಅಂದರೆ ಕಾಲು ಮಿಲಿಮೀಟರ್. ಒದ್ದಾಡುವ ಕಪ್ಪೆಯ ಕಾಲಿಗೆ ವರ್ನಿಯರ್ ಕ್ಯಾಲಿಪರ್ ಹಿಡಿದಾಗ ಕೈ ತುಸು ಬಿಗಿಯಾದರೂ ಅಷ್ಟು ತಪ್ಪು ಆಗುತ್ತದೆ. ಹಾಗಾಗಿ ಪ್ರತಿ ಕಾಲನ್ನೂ ಹಿಂದಿನ ಅಂಕಿ ನೋಡದೆ ಮತ್ತೆ ಮತ್ತೆ ಅಳೆಯಲೇಬೇಕು. ಕೆನಡಾದ ರಿಚರ್ಡ್ ಪಾಮರ್ ಮತ್ತು ಕರ್ಟಿಸ್ ಸ್ಟ್ರೋಬೆಕ್ 1986ರಲ್ಲೇ ಇದನ್ನು ಬಿಡಿಸಿ ಹೇಳಿದ್ದರು. ಅನುಕೂಲಕರ ಫಲಿತಾಂಶಗಳಷ್ಟೇ ಅಚ್ಚಾಗಿ ಉಳಿದವು ಮೂಲೆಗೆ ಬೀಳುತ್ತಿವೆ ಎಂದೂ ಪಾಮರ್ ಆಮೇಲೆ ಎಚ್ಚರಿಸಿದರು.

ಹಾಗೆಂದು ಈ ವಿಧಾನವನ್ನು ಕೈಬಿಡಬೇಕೆಂದು ನನಗನಿಸುವುದಿಲ್ಲ. ಆದರೆ ನಮ್ಮಲ್ಲಿ ಇದನ್ನು ಜಗಳೂರಿನ ರಂಗಯ್ಯನದುರ್ಗದ ಕೊಂಡುಕುರಿಯಿಂದ (ನಾಲ್ಕು ಕೊಂಬಿನ ಹುಲ್ಲೆ) ಆರಂಭಿಸುವುದಂತೂ ಬೇಡ: ಕೊಂಬಿರುವುದು ಗಂಡಿಗೆ ಮಾತ್ರ, ಅದೂ ಸವೆಯುತ್ತದೆ, ಮುರಿಯುತ್ತದೆ, ಹಿಡಿದು ಅಳೆಯಹೋದರೆ ಪ್ರಾಣಿಗೇ ಹಿಂಸೆ. ಕೆರೆ ಮೀನು ವಾಸಿ, ಎರಡೂ ಪಕ್ಕದ ರೆಕ್ಕೆಯ ಕಡ್ಡಿಗಳನ್ನು ಎಣಿಸಿದರಾಯಿತು. ಸೂಳೆಕೆರೆಯಲ್ಲೂ ಗದ್ದೆ ಬಸಿಗಾಲುವೆಗಳಲ್ಲೂ ಸಿಗುವ ಒಂದೇ ಜಾತಿಯ ಮೀನನ್ನು ಹೋಲಿಸುವ ಕೆಲಸ ನಮ್ಮ ಕಾಲೇಜುಗಳ ಪ್ರಾಣಿಶಾಸ್ತ್ರ ವಿಭಾಗಗಳ ಕೈಗೆ ಎಟುಕುವಂಥದ್ದು. ಅಂತರ ಕಂಡರೂ ಕಾರಣ ಕೀಟನಾಶಕವೇ ಎಂದು ಅದೊಂದರಿಂದಲೇ ಹೇಳಲಾಗದು. ಪಕ್ಕದಲ್ಲೇ ನೀರಿನ ಪರೀಕ್ಷೆಯೂ ನಡೆಯಬೇಕು.