ಕಾಡುಕತ್ತೆ ಮತ್ತೆ ಹೆಚ್ಚಲು ಅರವತ್ತು ವರ್ಷ ಹಿಡಿದದ್ದೇಕೆ?

ಮಧುಗಿರಿ ತಾಲ್ಲೂಕಿನ ಮೈದನಹಳ್ಳಿ ಹುಲ್ಲುಗಾವಲಿನಲ್ಲಿ ಕೃಷ್ಣಮೃಗಗಳನ್ನು ಕಂಡಿರುವ ತುಮಕೂರಿನವರಿಗೆ ಗುಜರಾತಿನ ಕಾಡುಕತ್ತೆಯ ಬದುಕು ತೀರಾ ಅಪರಿಚಿತವೇನಲ್ಲ. ಎರಡೂ ಬಯಲನ್ನೇ ನಂಬಿದ ಪ್ರಾಣಿಗಳು. ಎರಡರಲ್ಲೂ ಬಲಿತ ಗಂಡು ತನ್ನದೇ ಸರಹದ್ದನ್ನು ಕಾಯುತ್ತದೆ. ಆದರೆ ಕೃಷ್ಣಮೃಗ ಸುಮಾರು ಆರು ತಿಂಗಳಿಗೆ ಮರಿ ಹಾಕಿದರೆ, ಕಾಡುಕತ್ತೆ ಹನ್ನೊಂದು ತಿಂಗಳು ಗಬ್ಬವಾಗಿದ್ದು ಒಂದೇ ಮರಿಯನ್ನು ಈಯುತ್ತದೆ.

ಹಿಂದೆ ಪಶ್ಚಿಮ ಭಾರತದಿಂದ ಬಲೂಚಿಸ್ತಾನದವರೆಗೆ ಇದ್ದ ಈ ಪ್ರಾಣಿ ಕಳೆದ ಶತಮಾನದ ನಡುವಿನ ಹೊತ್ತಿಗೆ ಗುಜರಾತಿನ ಉಪ್ಪುನೆಲದ ಬಯಲಾದ ಕಛ್‌ನ ಚಿಕ್ಕ ರಣಕ್ಕೆ ಸೀಮಿತವಾಗಿತ್ತು. ಅಲ್ಲಿಗೆ 1958ರ ನಂತರ ಕಚ್ಚುವ ನೊಣಗಳಿಂದ ಹರಡುವ ಸರ್ರಾ ರೋಗವೂ, ಅದರ ಬೆನ್ನಿಗೇ ಆಫ್ರಿಕನ್ ಕುದುರೆ ಬೇನೆಯೂ ಬಂದವು. 1962ರಲ್ಲಿ 870 ಇದ್ದ ಕಾಡುಕತ್ತೆಗಳು ಆ ದಶಕ ಮುಗಿಯುವ ಮುನ್ನವೇ 362ಕ್ಕೆ ಇಳಿದವು. 1970ರ ದಶಕದ ಆರಂಭದಲ್ಲಿ ಸುಮಾರು 4,954 ಚದರ ಕಿಲೋಮೀಟರ್ ಪ್ರದೇಶ ಅಭಯಾರಣ್ಯವಾಯಿತು.

ರಕ್ಷಣೆ ಸಿಕ್ಕರೂ ಸಂಖ್ಯೆ ಥಟ್ಟನೆ ಏರಲಿಲ್ಲ. ಕಾರಣ ಅವುಗಳ ಸಂತಾನ ಕ್ರಮದಲ್ಲೇ ಇದೆ. ಹೆಣ್ಣುಗಳು ಮರಿಗಳೊಡನೆ ಹಿಂಡುಗಳಲ್ಲಿ ಮೇಯುತ್ತವೆ. ಮಳೆಗಾಲದಲ್ಲಿ ಬೆದೆಗೆ ಬಂದ ಹೆಣ್ಣು ಹಿಂಡಿನಿಂದ ಬೇರ್ಪಟ್ಟು ಗಂಡಿನ ಜೊತೆಗಿರುತ್ತದೆ. ಆಗ ಪ್ರತಿಸ್ಪರ್ಧಿಗಳು ಹತ್ತಿರ ಬಂದರೆ ಗಂಡುಗಳು ಕಚ್ಚಿ, ಹಿಂಗಾಲಿನಿಂದ ಒದ್ದು ಕಾದಾಡುತ್ತವೆ. ಕೆಲವು ದಿನಗಳ ಬಳಿಕ ಹೆಣ್ಣು ಹಿಂಡಿಗೆ ಮರಳುತ್ತದೆ. ಹನ್ನೊಂದು ತಿಂಗಳ ಗಬ್ಬವಾದ್ದರಿಂದ ಮರಿ ಹುಟ್ಟುವುದೂ ಮುಂದಿನ ಮಳೆಯ ಹೊತ್ತಿಗೇ, ಅಂದರೆ ಹಸಿರು ಮೇವು ಸಿಗುವಾಗಲೇ. ಆ ಮಳೆ ಕೈಕೊಟ್ಟರೆ ತಾಯಿಯ ಹಾಲು ಬತ್ತುತ್ತದೆ. ಎಲ್ಲ ಹೆಣ್ಣುಗಳೂ ಪ್ರತಿವರ್ಷ ಈಯುವುದಿಲ್ಲ. ಬೆಳೆದ ಗಂಡುಮರಿಗಳು ಹಿಂಡು ಬಿಟ್ಟು ಹೋಗಿ, ಸ್ವಂತ ಸರಹದ್ದು ಗಳಿಸುವವರೆಗೆ ಕಾಯಬೇಕಾಗುತ್ತದೆ.

ಹಾಗಾಗಿ 2020ರಲ್ಲಿ 6,082, 2024ರಲ್ಲಿ 7,672 ಎಂಬ ಎಣಿಕೆಗಳ ಹಿಂದೆ ಹಲವು ತಲೆಮಾರುಗಳ ನಿಧಾನದ ಹೆರಿಗೆಗಳಿವೆ. ಹೆಚ್ಚಿದ ಹಿಂಡುಗಳು ಈಗ ಹೊಲಗಳಿಗೂ ಇಳಿಯುತ್ತಿವೆ. ನಮ್ಮ ಕೆರೆಯಂಗಳಗಳನ್ನು ಆಕ್ರಮಿಸಿರುವ ಬಳ್ಳಾರಿ ಜಾಲಿ ರಣದ ಅಂಚಿನಲ್ಲೂ ಹಬ್ಬಿದ್ದು, ಅದರ ಕಾಯಿ ತಿನ್ನುವ ಕಾಡುಕತ್ತೆಗಳೇ ಸಗಣಿಯ ಮೂಲಕ ಬೀಜ ಬಿತ್ತುತ್ತಿವೆ. ತಮ್ಮ ಹುಲ್ಲುಗಾವಲನ್ನು ತಾವೇ ಕಿರಿದು ಮಾಡಿಕೊಳ್ಳುವ ಈ ವಿಪರ್ಯಾಸವನ್ನು ಬಹುತೇಕರು ಗಮನಿಸುವುದಿಲ್ಲ.

ಆದರೂ ನನಗೆ ಹೆಚ್ಚು ಆತಂಕಕಾರಿಯಾಗಿ ಕಾಣುವುದು ಬೇರೆಯೇ. ಕೆಲವು ಹಿಂಡುಗಳು ದೊಡ್ಡ ರಣದತ್ತಲೂ ರಾಜಸ್ಥಾನದ ಗಡಿಯತ್ತಲೂ ಚದುರಿವೆಯಾದರೂ ಬಹುಪಾಲು ಪ್ರಾಣಿಗಳು ಇಂದಿಗೂ ಒಂದೇ ಭೂಭಾಗದಲ್ಲಿವೆ. ಸರ್ರಾದಂಥ ರೋಗ ಮತ್ತೆ ಬಂದರೆ ಕೆಲವೇ ಋತುಗಳಲ್ಲಿ ಕಳೆದುಕೊಂಡದ್ದನ್ನು ಗಳಿಸಲು, ಈ ಸಂತಾನ ಕ್ರಮದಲ್ಲಿ, ಮತ್ತೆ ದಶಕಗಳೇ ಬೇಕಾಗುತ್ತವೆ.