ಮೂರನೇ ಬೇಸಿಗೆಗೆ ನಿಮ್ಮ ಗಿಡ ಏನಾಗುತ್ತದೆ?

ಗೃಹಪ್ರವೇಶಕ್ಕೆ ಹದಿನೈದು ದಿನ ಇದೆ ಅನ್ನುವಾಗ, ಮನೆಗಳಿಗೆ ತೋಟ ಮಾಡಿಕೊಡುವ ನನಗೆ ಫೋನ್ ಬರುತ್ತದೆ. "ಸರ್, ಫೋಟೋ ಕಳಿಸಿದ್ದೀನಿ, ಹೀಗೇ ಬೇಕು." ಫೋಟೋದಲ್ಲಿ ಅಚ್ಚಹಸಿರು ಲಾನ್, ಕಾಂಪೌಂಡಿನುದ್ದಕ್ಕೂ ಗೋಡೆಯಂತೆ ನಿಂತ ಗಿಡ. ಯಾವ ಊರಿನ ಫೋಟೋ ಅಂತ ಅವರಿಗೂ ಗೊತ್ತಿರುವುದಿಲ್ಲ. ನಾನು ಮೊದಲು ಕೇಳುವುದು ಗಿಡದ ಬಗ್ಗೆ ಅಲ್ಲ. "ಏಪ್ರಿಲ್‌ನಲ್ಲಿ ನಿಮ್ಮ ಬೋರ್‌ವೆಲ್ ಎಷ್ಟು ಹೊತ್ತು ಓಡುತ್ತೆ?" ಅಂತ ಕೇಳುತ್ತೇನೆ.

ಬೆಂಗಳೂರಿಗೆ ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ ಬೀಳುತ್ತದೆ. ಕಡಿಮೆಯೇನಲ್ಲ. ಆದರೆ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಆಕಾಶ ಹೆಚ್ಚೂಕಮ್ಮಿ ಒಣಗಿರುತ್ತದೆ. ಸಾವಿರ ಚದರ ಅಡಿ ಲಾನ್ ಅಂದರೆ 93 ಚದರ ಮೀಟರ್. ಬೇಸಿಗೆಯಲ್ಲಿ ದಿನಕ್ಕೆ 5 ಮಿಲಿಮೀಟರ್ ನೀರು ಅಂತ ಹಿಡಿದರೂ 465 ಲೀಟರ್ ಆಯಿತು. ಮೂರು ತಿಂಗಳಿಗೆ 6,000 ಲೀಟರಿನ ಏಳು ಟ್ಯಾಂಕರ್. 2024ರ ಮಾರ್ಚ್‌ನಲ್ಲಿ ಜಲಮಂಡಳಿ ಕುಡಿಯುವ ನೀರನ್ನು ಗಿಡಗಳಿಗೆ ಹಾಕಿದರೆ 5,000 ರೂಪಾಯಿ ದಂಡ ಅಂದಿತಲ್ಲ, ಆಗ ಎಷ್ಟೋ ಲಾನ್‌ಗಳು ಒಂದೇ ತಿಂಗಳಲ್ಲಿ ಬೆಳ್ಳಗಾದವು. ಅಂದಹಾಗೆ, ನಮ್ಮ ನರ್ಸರಿಗಳಲ್ಲಿ ಮೆಕ್ಸಿಕನ್ ಗ್ರಾಸ್ ಅಂತ ಮಾರುವ ಹುಲ್ಲು ಮೆಕ್ಸಿಕೋದ್ದೇ ಅಲ್ಲ, ಏಷ್ಯಾದ್ದು. ಮಕ್ಕಳು ಆಡುವಷ್ಟು ಜಾಗಕ್ಕೆ ಹುಲ್ಲು ಸಾಕು, ಅದೂ ಗರಿಕೆಯಾದರೆ ಒಳ್ಳೆಯದು. ಬೇಸಿಗೆಯಲ್ಲಿ ಒಣಗಿದರೂ ಮೊದಲ ಮಳೆಗೆ ಚಿಗುರುತ್ತದೆ.

ಗಿಡ ಆರಿಸಲು ನನ್ನದು ಒಂದೇ ಪರೀಕ್ಷೆ. ನೆಟ್ಟ ಮೇಲಿನ ಮೂರನೇ ಬೇಸಿಗೆಯಲ್ಲಿ ನಾವು ನೀರು ಹಾಕದಿದ್ದರೂ ಅದು ಬದುಕುತ್ತದಾ? ಬದುಕಿದರೂ, ಹತ್ತು ವರ್ಷದ ಮೇಲೆ ಅದಕ್ಕೆ ಆ ಜಾಗ ಸಾಕಾಗುತ್ತದಾ?

ಎರಡನೇ ಪ್ರಶ್ನೆಯನ್ನು ನಾನು ಪೆಟ್ಟು ತಿಂದು ಕಲಿತದ್ದು. ಕೆಲವು ವರ್ಷದ ಹಿಂದೆ ಒಂದು ಮನೆಯ ಕಾಂಪೌಂಡಿಗೆ ಕೋನೊಕಾರ್ಪಸ್ ಸಾಲು ಹಾಕಿದ್ದೆ. ಎರಡೇ ವರ್ಷಕ್ಕೆ ಆಳೆತ್ತರ ದಾಟಿ, ರಸ್ತೆಯೇ ಕಾಣದಂತೆ ಬೆಳೆಯಿತು. ಮಾಲೀಕರಿಗೆ ಖುಷಿಯೋ ಖುಷಿ. ಆಮೇಲೆ ಬೇರು ಒಳಚರಂಡಿ ಪೈಪಿಗೆ ನುಗ್ಗಿತು. ಅಗೆದು ತೆಗೆಸಿದ ಖರ್ಚು ನನ್ನದೇ. ಗುಜರಾತ್ ಸರ್ಕಾರ 2023ರಲ್ಲಿ ಈ ಗಿಡವನ್ನು ನೆಡುವುದನ್ನೇ ನಿಷೇಧಿಸಿದಾಗ ನನಗೇನೂ ಆಶ್ಚರ್ಯವಾಗಲಿಲ್ಲ. ಈಗ ಬೇಲಿ ಕೇಳಿದವರಿಗೆ ಲಕ್ಕಿ ಅಥವಾ ಆಡುಸೋಗೆ ಹಾಕಿಕೊಡುತ್ತೇನೆ. ಆಡು ಮುಟ್ಟದ ಸೊಪ್ಪಿಲ್ಲ ಅಂತಾರೆ, ಆದರೆ ಇದನ್ನು ಆಡೂ ಮುಟ್ಟುವುದಿಲ್ಲ. ಕಡ್ಡಿ ನೆಟ್ಟರೆ ಬರುತ್ತದೆ, ಕತ್ತರಿಸಿದಷ್ಟೂ ಕವಲೊಡೆಯುತ್ತದೆ. ಬಿಸಿಲು ಸುಡುವ ಮೂಲೆಗೆ ತಂಗಡಿ. ಹೊಲದ ಬದುವಿನ ಗಿಡ ಅಂತ ಕೆಲವರು ಮೂಗು ಮುರಿಯುತ್ತಾರೆ. ಹಳದಿ ಹೂ ಮೈತುಂಬ ಬಂದ ಮೇಲೆ ಅವರೇ ಫೋಟೋ ತೆಗೆಯುತ್ತಾರೆ.

ಹಾಗಂತ ನಾಡಿನ ಗಿಡವಾದರೆ ಎಲ್ಲಾ ಸರಿ ಅಂತಲ್ಲ. ಹೊಂಗೆ ನನಗೆ ಬಲು ಇಷ್ಟದ ಮರ. ಆದರೆ 30x40 ಸೈಟಿನಲ್ಲಿ, ಸಂಪಿನಿಂದ ನಾಲ್ಕು ಅಡಿ ದೂರದಲ್ಲಿ ಅದನ್ನು ನೆಟ್ಟರೆ ಮರಕ್ಕೂ ಕಷ್ಟ, ಮನೆಗೂ ಕಷ್ಟ. ಅಂಥಲ್ಲಿ ಪಾರಿಜಾತ, ನಂದಿಬಟ್ಟಲು, ಕರಿಬೇವು ಸಾಕು. ಹೊಂಗೆಗೆ ಉದ್ದಗಲ ಬೇಕು. ಹೊರಗಿನಿಂದ ಬಂದದ್ದೆಲ್ಲ ಕೆಟ್ಟದ್ದೂ ಅಲ್ಲ. 1908ರಲ್ಲಿ ಲಾಲ್‌ಬಾಗಿಗೆ ಬಂದ ಜರ್ಮನಿಯ ತೋಟಗಾರಿಕೆ ತಜ್ಞ ಕ್ರುಂಬಿಗಲ್, ವರ್ಷಪೂರ್ತಿ ಯಾವುದಾದರೂ ಒಂದು ಮರ ಹೂಬಿಟ್ಟಿರುವಂತೆ ಊರಿನ ರಸ್ತೆಗಳಿಗೆ ಮರ ಆರಿಸಿದರು. ಅವುಗಳಲ್ಲಿ ದೂರದೇಶದ ಮರಗಳೂ ಇದ್ದವು. ನಾನು ದೂರ ಇಡುವುದು ತಾನಾಗಿ ಹಬ್ಬಿ ಬೇರೆಯದನ್ನು ಬದುಕಗೊಡದ ಗಿಡಗಳನ್ನು: ಲಂಟಾನಾ, ನೆಲಹೊದಿಕೆಗೆ ಅಂತ ಮಾರುವ ಸಿಂಗಪುರ ಡೈಸಿ. ಎರಡೂ ಜಗತ್ತಿನ 100 ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿವೆ, ಆದರೂ ನರ್ಸರಿಗಳಲ್ಲಿ ಸಿಗುತ್ತಲೇ ಇವೆ.

ಇನ್ನು ಮಣ್ಣು. ಹೊಸ ಮನೆಯ ಸುತ್ತ ಇರುವುದು ಮಣ್ಣೇ ಅಲ್ಲ, ಡೆಬ್ರಿಸ್. ಮೇಲೆ ಅರ್ಧ ಅಡಿ ಕೆಮ್ಮಣ್ಣು ಹರಡಿರುತ್ತಾರೆ, ಕೆಳಗೆ ಇಟ್ಟಿಗೆ ಚೂರು, ಗಟ್ಟಿಯಾದ ಸಿಮೆಂಟು, ಪ್ಲಾಸ್ಟಿಕ್ ಚೀಲ. "ಕೇಪಳದ ಎಲೆ ಹಳದಿ ಆಗ್ತಿದೆ, ಯಾವ ಔಷಧಿ ಹೊಡೀಲಿ?" ಅಂತ ಕೇಳುವವರ ಮನೆಗೆ ಹೋಗಿ ಅಗೆದರೆ ಹೆಚ್ಚಿನ ಸಲ ಇದೇ ಕಥೆ. ಕೇಪಳಕ್ಕೆ ಹುಳಿ ಮಣ್ಣು ಬೇಕು. ಸಿಮೆಂಟಿನ ಸುಣ್ಣ ಸೇರಿದರೆ ಮಣ್ಣಿನಲ್ಲಿರುವ ಕಬ್ಬಿಣವನ್ನು ಬೇರು ಹೀರಲಾರದು. ನರ ಹಸಿರಾಗಿ ಉಳಿದು ನಡುವೆ ಮಾತ್ರ ಹಳದಿಯಾಗುತ್ತದೆ. ಒಂದು ಹಿಡಿ ಒಣ ಮಣ್ಣಿಗೆ ವಿನೆಗರ್ ಸುರಿದು ನೋಡಿ. ನೊರೆ ಎದ್ದರೆ ಸುಣ್ಣ ಇದೆ ಅಂತ ಅರ್ಥ. ಆಗ ಕೇಪಳದ ಆಸೆ ಬಿಡಿ. ಬೇವು, ಹೊಂಗೆ ಅಂಥ ಮಣ್ಣನ್ನೂ ತಡೆದುಕೊಳ್ಳುತ್ತವೆ. ಇನ್ನೊಂದು, ಒಂದಡಿ ಗುಂಡಿ ತೆಗೆದು ನೀರು ತುಂಬಿ. ಮಾರನೇ ದಿನವೂ ನೀರು ನಿಂತಿದ್ದರೆ ಬೇರು ಕೊಳೆಯುವುದು ಗ್ಯಾರಂಟಿ. ಕೆಳಗಿನ ಗಟ್ಟಿ ಪದರ ಒಡೆಯದೆ ಏನನ್ನೂ ನೆಡಬೇಡಿ.

ನೆಡುವುದರಲ್ಲೂ ಆತುರ ಜಾಸ್ತಿ. ಹತ್ತಡಿ ಗಿಡ ತಂದರೆ ತೋಟ ಕೂಡಲೇ ತುಂಬಿದಂತೆ ಕಾಣುತ್ತದೆ, ನಿಜ. ಆದರೆ ಅದರ ಬೇರು ಕವರಿನೊಳಗೆ ಸುತ್ತಿ ಸುತ್ತಿ ಹೆಣೆದುಕೊಂಡಿರುತ್ತದೆ. ಎರಡು ಮೂರಡಿ ಸಸಿ ಬೇಗ ಬೇರು ಬಿಟ್ಟು ಕೆಲವೇ ವರ್ಷದಲ್ಲಿ ಅದನ್ನು ಹಿಂದೆ ಹಾಕುವುದನ್ನು ಎಷ್ಟೋ ಸಲ ನೋಡಿದ್ದೇನೆ. ಅರಣ್ಯ ಇಲಾಖೆಯ ನರ್ಸರಿಗಳಲ್ಲಿ ಮಳೆಗಾಲಕ್ಕೆ ಮುಂಚೆ ಇಂಥ ಸಸಿ ಕಡಿಮೆ ಬೆಲೆಗೆ ಸಿಗುತ್ತವೆ. ಮರಕ್ಕೆ ಎರಡಡಿ ಉದ್ದ, ಅಗಲ, ಆಳದ ಗುಂಡಿ. ಮೇಲ್ಮಣ್ಣು ಬೇರೆ ಗುಡ್ಡೆ ಹಾಕಿ, ಅದಕ್ಕೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ. ಕವರ್ ಪೂರ್ತಿ ಕಿತ್ತು ಬಿಸಾಡಿ, ಸುಮ್ನೆ ತಳ ಸೀಳಿದರೆ ಸಾಲದು. ಸುತ್ತಿಕೊಂಡ ಬೇರು ಕತ್ತರಿಸಿ. ಕವರಿನಲ್ಲಿ ಬುಡ ಎಷ್ಟಿತ್ತೋ ಅಷ್ಟೇ ಮಟ್ಟಕ್ಕೆ ಇರಲಿ. ಆಳಕ್ಕೆ ಹೂತರೆ ಗಟ್ಟಿ ನಿಲ್ಲುತ್ತದೆ ಅನ್ನುವ ನಂಬಿಕೆ ನಮ್ಮ ಮಾಲಿಗಳಲ್ಲೂ ಇದೆ. ಕಾಂಡ ಕೊಳೆಯುವುದು ಅದರಿಂದಲೇ.

ಪಾತಿಗೆ ಮೂರು ಇಂಚು ತರಗೆಲೆ ಹೊದಿಸಿ, ಕಾಂಡಕ್ಕೆ ತಾಗದಂತೆ. ದಿನಾ ಒಂದು ಚೊಂಬು ನೀರು ಹಾಕುವುದಕ್ಕಿಂತ ಮಳೆ ಇಲ್ಲದಾಗ ನಾಲ್ಕೈದು ದಿನಕ್ಕೊಮ್ಮೆ ಎರಡು ಬಕೆಟ್ ಹಾಕಿ. ನೀರು ಹುಡುಕಿಕೊಂಡು ಬೇರು ಕೆಳಗಿಳಿಯಬೇಕು. ಎರಡನೇ ಬೇಸಿಗೆಗೆ ಹತ್ತು ದಿನಕ್ಕೊಮ್ಮೆ. ಮೂರನೆಯದಕ್ಕೆ ಕೈ ಬಿಡಿ.

ಹೀಗೆ ಕೈ ಬಿಟ್ಟ ಒಂದು ತೋಟದಿಂದ ಫೆಬ್ರವರಿಯಲ್ಲಿ ಫೋನ್ ಬಂತು. ಹಿರಿಯ ಹೆಂಗಸು, ಗಾಬರಿಯ ದನಿ. "ನೀರು ನಿಲ್ಲಿಸಿ ಅಂದ್ರಲ್ಲ, ಹೊಂಗೆ ಎಲೆಯೆಲ್ಲಾ ಉದುರಿಹೋಯ್ತು ಕಣಪ್ಪಾ."

"ಉಗುರಲ್ಲಿ ತೊಗಟೆ ಸ್ವಲ್ಪ ಕೆರೆದು ನೋಡಿ ಅಮ್ಮಾ. ಒಳಗೆ ಹಸಿರಿದೆಯಾ?"

"ಇದೆ."

"ಈ ಕಾಲಕ್ಕೆ ಹೊಂಗೆ ಎಲೆ ಉದುರೋದೇ. ಮುಂದಿನ ತಿಂಗಳು ಚಿಗುರತ್ತೆ. ಉದುರಿದ್ದನ್ನ ಕಸದ ಗಾಡಿಗೆ ಮಾತ್ರ ಕೊಡಬೇಡಿ, ಪಾತಿಗೇ ಹಾಕಿ."