ಎಣ್ಣೆ ತಿನ್ನುವ ಬ್ಯಾಕ್ಟೀರಿಯಾ ಮೊದಲು ಮಾಡುವ ಕೆಲಸ

ಡೀಸೆಲ್‌ನಲ್ಲಿರುವ ಹೆಕ್ಸಾಡೆಕೇನ್ ಅಣುವನ್ನೂ ತಾಳೆಎಣ್ಣೆಯಿಂದ ಸಿಗುವ ಪಾಮಿಟಿಕ್ ಆಮ್ಲದ ಅಣುವನ್ನೂ ಅಕ್ಕಪಕ್ಕ ಬರೆದು ನೋಡಿ. ಎರಡರಲ್ಲೂ 16 ಇಂಗಾಲದ ಪರಮಾಣುಗಳ ಉದ್ದನೆಯ ಸರಪಳಿ, ಅದರ ಸುತ್ತ ಜಲಜನಕ. ವ್ಯತ್ಯಾಸ ಇರುವುದು ಒಂದು ತುದಿಯಲ್ಲಿ ಮಾತ್ರ. ಪಾಮಿಟಿಕ್ ಆಮ್ಲದ ತುದಿಯಲ್ಲಿ ಎರಡು ಆಮ್ಲಜನಕದ ಪರಮಾಣುಗಳಿವೆ, ಹೆಕ್ಸಾಡೆಕೇನ್‌ನಲ್ಲಿ ಇಲ್ಲ. ಇಷ್ಟಕ್ಕೇ ಒಂದು ಕೊಬ್ಬು, ಇನ್ನೊಂದು ಇಂಧನ.

ಮಲಬದ್ಧತೆಗೆ ಲಿಕ್ವಿಡ್ ಪ್ಯಾರಾಫಿನ್ ಕೊಡುವುದನ್ನು ಕೇಳಿರುತ್ತೀರಿ. ಅದೂ ಪೆಟ್ರೋಲಿಯಂನಿಂದ ಬಂದ ಹೈಡ್ರೋಕಾರ್ಬನ್ನೇ, ಅಂದರೆ ಹೆಕ್ಸಾಡೆಕೇನ್‌ನಂತೆ ಇಂಗಾಲ ಮತ್ತು ಜಲಜನಕ ಮಾತ್ರ ಇರುವ ವಸ್ತು. ಅದರಲ್ಲಿ ಅಡಗಿರುವ ಶಕ್ತಿ ಕೊಬ್ಬಿಗಿಂತ ಕಡಿಮೆಯೇನಲ್ಲ, ಆದರೂ ಬಹುಪಾಲು ಜೀರ್ಣವಾಗದೆ ಹಾಗೆಯೇ ಹೊರಗೆ ಹೋಗುತ್ತದೆ. ನಮ್ಮ ಕರುಳಿನ ಕಿಣ್ವಗಳಿಗೆ ಆ ಅಣುವಿನಲ್ಲಿ ಹಿಡಿಯಲು ಏನೂ ಸಿಗುವುದಿಲ್ಲ. ಇಂಗಾಲ ಮತ್ತು ಜಲಜನಕದ ನಡುವಿನ ಬಂಧ ಬಲವಾದದ್ದು. ಅಣುವಿನ ಯಾವ ಮೂಲೆಯಲ್ಲೂ ವಿದ್ಯುದಂಶ ಹೇಳಿಕೊಳ್ಳುವಷ್ಟು ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಎಲ್ಲ ಕಡೆಯೂ ಒಂದೇ ಸಮ, ಬಾಗಿಲೇ ಇಲ್ಲದ ಗೋಡೆಯ ಹಾಗೆ.

ಎಣ್ಣೆ ತಿನ್ನುವ ಬ್ಯಾಕ್ಟೀರಿಯಾ ಈ ಗೋಡೆಗೆ ಬಾಗಿಲು ಕೊರೆಯುತ್ತವೆ. ಹಲವು ಪ್ರಭೇದಗಳಲ್ಲಿ ಈ ಕೆಲಸ ಆಲ್ಕೇನ್ ಹೈಡ್ರಾಕ್ಸಿಲೇಸ್ ಎಂಬ ಕಿಣ್ವದ್ದು. ಕೋಶದ ಪೊರೆಯಲ್ಲಿ ನಾಟಿಕೊಂಡಿರುವ ಈ ಕಿಣ್ವದ ಒಳಗೆ ಎರಡು ಕಬ್ಬಿಣದ ಪರಮಾಣುಗಳಿವೆ. ನೀರಿನಲ್ಲಿ ಕರಗಿರುವ ಆಮ್ಲಜನಕದ ಅಣುವೊಂದನ್ನು ಅದು ಒಡೆದು, ಒಂದು ಪರಮಾಣುವನ್ನು ಸರಪಳಿಯ ತುದಿಗೆ ಸೇರಿಸುತ್ತದೆ. ಇನ್ನೊಂದು ಪರಮಾಣು ನೀರಾಗಿ ಹೋಗುತ್ತದೆ. ಇದಕ್ಕೆ ಬೇಕಾದ ಎಲೆಕ್ಟ್ರಾನುಗಳನ್ನು ಕೋಶ ತನ್ನ ಗಂಟಿನಿಂದಲೇ ಕೊಡಬೇಕು. ಊಟ ಸಿಗುವ ಮೊದಲೇ ಖರ್ಚು! ಇಡೀ ಪ್ರಕ್ರಿಯೆಯಲ್ಲಿ ನಿಜಕ್ಕೂ ಕಷ್ಟದ ಹೆಜ್ಜೆ ಇದೊಂದೇ.

ಈಗ ಹೈಡ್ರೋಕಾರ್ಬನ್ ಆಲ್ಕೋಹಾಲ್ ಆಗಿದೆ. ಇನ್ನೊಂದು ಕಿಣ್ವ ಅದನ್ನು ಆಲ್ಡಿಹೈಡ್ ಮಾಡುತ್ತದೆ, ಮತ್ತೊಂದು ಅದನ್ನು ಕೊಬ್ಬಿನಾಮ್ಲ ಮಾಡುತ್ತದೆ. ಹೆಕ್ಸಾಡೆಕೇನ್ ಪಾಮಿಟಿಕ್ ಆಮ್ಲವಾಯಿತು. ಆಮೇಲಿನದ್ದೆಲ್ಲ ಹಳೆಯ ದಾರಿ. ನಮ್ಮ ಜೀವಕೋಶಗಳ ಮೈಟೋಕಾಂಡ್ರಿಯಾ ಕೊಬ್ಬನ್ನು ಕರಗಿಸುವುದೂ ಈ ದಾರಿಯಲ್ಲೇ. ಬೀಟಾ ಆಕ್ಸಿಡೇಶನ್ ಎಂಬ ಈ ಕ್ರಮದಲ್ಲಿ ಸರಪಳಿ ಎರಡೆರಡು ಇಂಗಾಲದಂತೆ ಕತ್ತರಿಸಿಕೊಳ್ಳುತ್ತಾ ಹೋಗುತ್ತದೆ. 16 ಇಂಗಾಲದ ಸರಪಳಿಗೆ ಏಳು ಸುತ್ತು, ಕೈಗೆ ಬರುವುದು ಎಂಟು ತುಂಡು.

ಎಲ್ಲವನ್ನೂ ಸುಟ್ಟು ಶಕ್ತಿ ಮಾಡಿಕೊಳ್ಳಬೇಕೆಂದೇನಿಲ್ಲ. ಕೆಲವು ಕೊಬ್ಬಿನಾಮ್ಲಗಳನ್ನು ಬ್ಯಾಕ್ಟೀರಿಯಾ ಇದ್ದಂತೆಯೇ ತನ್ನ ಪೊರೆ ಕಟ್ಟಲು ಬಳಸಿಕೊಳ್ಳುತ್ತದೆ. ಬೆಸ ಸಂಖ್ಯೆಯ, ಅಂದರೆ 15 ಅಥವಾ 17 ಇಂಗಾಲದ ಹೈಡ್ರೋಕಾರ್ಬನ್ ತಿನ್ನಿಸಿ ಬೆಳೆಸಿದರೆ ಪೊರೆಯಲ್ಲೂ ಬೆಸ ಸಂಖ್ಯೆಯ ಕೊಬ್ಬಿನಾಮ್ಲಗಳು ಹೆಚ್ಚುತ್ತವೆ. ಜೀವಲೋಕದಲ್ಲಿ ಸಾಮಾನ್ಯವಾಗಿ ಸಮ ಸಂಖ್ಯೆಯವೇ ಹೆಚ್ಚಾದ್ದರಿಂದ ಇದು ಥಟ್ಟನೆ ಕಣ್ಣಿಗೆ ಬೀಳುತ್ತದೆ.

ಈ ಊಟಕ್ಕೇ ಬದುಕನ್ನು ಮುಡಿಪಿಟ್ಟವೂ ಇವೆ. 1998ರಲ್ಲಿ ಹೆಸರು ಪಡೆದ ಆಲ್ಕಾನಿವೊರಾಕ್ಸ್ ಬೊರ್ಕುಮೆನ್ಸಿಸ್ ಎಂಬ ಸಮುದ್ರದ ಬ್ಯಾಕ್ಟೀರಿಯಾಕ್ಕೆ ಸಕ್ಕರೆ ಕೊಟ್ಟರೆ ಬೇಡ, ಎಣ್ಣೆ ಬೇಕು. ಶುದ್ಧ ಸಮುದ್ರದಲ್ಲಿ ಹುಡುಕಿದರೂ ಅಪರೂಪವಾದ ಇದು ತೈಲ ಚೆಲ್ಲಿದ ಕಡೆ ಕೆಲವೇ ದಿನಗಳಲ್ಲಿ ಉಳಿದವನ್ನೆಲ್ಲ ಹಿಂದೆ ಹಾಕಿ ಬೆಳೆಯಬಲ್ಲದು. ಸೋಪಿನಂಥ ವಸ್ತುವನ್ನು ತಾನೇ ತಯಾರಿಸಿ ಎಣ್ಣೆಯನ್ನು ಸಣ್ಣ ಹನಿಗಳಾಗಿ ಒಡೆದುಕೊಳ್ಳುತ್ತದೆ.

ಹಾಗಾದರೆ ತೈಲ ಸೋರಿದಲ್ಲಿ ಬ್ಯಾಕ್ಟೀರಿಯಾ ಸುರಿದರೆ ಸಾಕಲ್ಲ? ಈ ಆಸೆ ಹಳೆಯದು. ಭಾರತೀಯ ಮೂಲದ ವಿಜ್ಞಾನಿ ಆನಂದ ಮೋಹನ ಚಕ್ರವರ್ತಿ 1970ರ ದಶಕದ ಆರಂಭದಲ್ಲಿ ಹಲವು ಬಗೆಯ ಹೈಡ್ರೋಕಾರ್ಬನ್ ತಿನ್ನುವ ಸಾಮರ್ಥ್ಯವನ್ನು ಒಂದೇ ಸ್ಯೂಡೊಮೊನಾಸ್ ಬ್ಯಾಕ್ಟೀರಿಯಾದಲ್ಲಿ ಕೂಡಿಸಿದರು. ಅದಕ್ಕೆ ಪೇಟೆಂಟ್ ಸಿಗಬಹುದೆಂದು ಅಮೆರಿಕದ ಸುಪ್ರೀಂ ಕೋರ್ಟ್ 1980ರಲ್ಲಿ ತೀರ್ಪು ಕೊಟ್ಟಿತು. ಕಾನೂನಿನ ಚರಿತ್ರೆಯಲ್ಲಿ ಅದು ದೊಡ್ಡ ಘಟನೆ, ಸಮುದ್ರದ ಶುದ್ಧೀಕರಣದ ಚರಿತ್ರೆಯಲ್ಲಿ ಅಷ್ಟಿಲ್ಲ. ತಿನ್ನುವ ಬಾಯಿಗಳು ಸಮುದ್ರದಲ್ಲಿ ಆಗಲೇ ಇವೆ. ಕೊರತೆ ಇರುವುದು ಸಾರಜನಕ ಮತ್ತು ರಂಜಕಕ್ಕೆ. ಎಣ್ಣೆಯಲ್ಲಿ ಇಂಗಾಲ ಬೇಕಾದಷ್ಟಿದೆ, ಆದರೆ ಪ್ರೋಟೀನು, ಡಿಎನ್ಎ ಕಟ್ಟಲು ಇಂಗಾಲವೊಂದೇ ಸಾಲದು. 1989ರಲ್ಲಿ ಎಕ್ಸಾನ್ ವಾಲ್ಡೆಜ್ ಹಡಗಿನ ತೈಲ ಅಲಾಸ್ಕಾದ ದಡಕ್ಕೆ ಅಂಟಿಕೊಂಡಾಗ ಅಲ್ಲಿ ಗೊಬ್ಬರ ಹಾಕಿದ್ದು ಇದಕ್ಕೇ. ಸ್ಥಳೀಯ ಬ್ಯಾಕ್ಟೀರಿಯಾಗಳೇ ಚುರುಕಾದವು. ನನ್ನ ಕೇಳಿದರೆ, ‘ಎಣ್ಣೆ ತಿನ್ನುವ ಅದ್ಭುತ ಜೀವಿ’ ಎಂಬ ಜಾಹೀರಾತುಗಳಿಗಿಂತ ಈ ಗೊಬ್ಬರದ ಕಥೆಯೇ ಹೆಚ್ಚು ಕಲಿಸುತ್ತದೆ.

ಎಲ್ಲ ಎಣ್ಣೆಯೂ ಒಂದೇ ರುಚಿಯಲ್ಲ. ನೇರ ಸರಪಳಿಗಳು ಮೊದಲು ಮಾಯವಾಗುತ್ತವೆ, ಕವಲೊಡೆದವು ನಿಧಾನ. ಉಂಗುರದ ರಚನೆಯುಳ್ಳ ಅಣುಗಳಿಗೆ ಬೇರೆಯೇ ಕಿಣ್ವಗಳು ಬೇಕು. ಆಸ್ಫಾಲ್ಟೀನ್‌ಗಳೆಂಬ ಭಾರಿ ಅಣುಗಳನ್ನು ಹೆಚ್ಚುಕಡಿಮೆ ಯಾರೂ ಮುಟ್ಟುವುದಿಲ್ಲ. 17 ಇಂಗಾಲದ ನೇರ ಸರಪಳಿಯನ್ನು ಪ್ರಿಸ್ಟೇನ್ ಎಂಬ ಕವಲೊಡೆದ ಅಣುವಿನೊಂದಿಗೆ ಹೋಲಿಸಿ ರಸಾಯನ ವಿಜ್ಞಾನಿಗಳು ಎಣ್ಣೆಯನ್ನು ಬ್ಯಾಕ್ಟೀರಿಯಾ ಎಷ್ಟು ತಿಂದಿವೆ ಎಂದು ಅಂದಾಜು ಮಾಡುತ್ತಾರೆ. ಮೊದಲನೆಯದು ಎರಡನೆಯದಕ್ಕಿಂತ ಬೇಗ ಕಡಿಮೆಯಾಗಿದ್ದರೆ ಊಟ ನಡೆದಿದೆ ಎಂದರ್ಥ.

ಆಮ್ಲಜನಕವೇ ಇಲ್ಲದ ನೆಲದಾಳದಲ್ಲೂ ಈ ಊಟ ನಿಲ್ಲುವುದಿಲ್ಲ. ಅಲ್ಲಿ ಕೆಲವು ಬ್ಯಾಕ್ಟೀರಿಯಾ ಆಮ್ಲಜನಕದ ಬದಲು ಫ್ಯೂಮರೇಟ್ ಎಂಬ ಸಣ್ಣ ಅಣುವನ್ನು, ತುದಿಗಲ್ಲ, ಸಾಮಾನ್ಯವಾಗಿ ತುದಿಯ ಪಕ್ಕದ ಇಂಗಾಲಕ್ಕೆ ಜೋಡಿಸುತ್ತವೆ. ಕೊನೆಗೆ ಅಲ್ಲೂ ಕೊಬ್ಬಿನಾಮ್ಲವೇ ಆಗುತ್ತದೆ, ತುಂಬ ನಿಧಾನವಾಗಿ. ಆದರೆ ಭೂವೈಜ್ಞಾನಿಕ ಕಾಲದಲ್ಲಿ ನಿಧಾನವೆಂಬುದೊಂದು ಅಡ್ಡಿಯಲ್ಲ. ಕೆನಡಾದ ಅಥಾಬಾಸ್ಕಾ ಪ್ರದೇಶದ ಮರಳಿಗೆ ಮೆತ್ತಿಕೊಂಡಿರುವ ಡಾಂಬರಿನಂಥ ಬಿಟುಮೆನ್, ಲಕ್ಷಾಂತರ ವರ್ಷ ಸೂಕ್ಷ್ಮಜೀವಿಗಳು ಹಗುರವಾದ ಸರಪಳಿಗಳನ್ನು ತಿಂದು ಬಿಟ್ಟ ಉಳಿಕೆ. ಸುಮಾರು 80 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾದ ನಿಕ್ಷೇಪಗಳಲ್ಲಿ ಅವು ಸಾಮಾನ್ಯವಾಗಿ ಬದುಕುವುದಿಲ್ಲ. ಅಲ್ಲಿನ ತೈಲ ಅವುಗಳ ಬಾಯಿಗೆ ಬೀಳದೆ ಉಳಿದುಕೊಂಡಿರುತ್ತದೆ.